ಗ್ಯಾಸ್ಕೆಟ್ ಕೂರುವ ಜಾಗದಲ್ಲೇ ಬೆಲೆ: ಹಳೆಯ ಸೈಕೋ ಡೈವ್ ವಾಚೊಂದನ್ನು ಬಿಚ್ಚಿ, ಪರೀಕ್ಷಿಸಿ, ಮುಚ್ಚಿದ ವಿವರ

ಬೆಂಚಿಗೆ ಬಂದಿರುವುದು ಸೈಕೋ ಎಸ್‌ಕೆಎಕ್ಸ್007. ನೀರಿನಡಿ ಮುಳುಗುವವರಿಗೆಂದು ಮಾಡಿದ 200 ಮೀಟರಿನ ಆಟೋಮ್ಯಾಟಿಕ್ (ಕೈ ಆಡಿದರೆ ತಾನೇ ಕೀ ತುಂಬಿಕೊಳ್ಳುವ) ಡೈವರ್, ನಾಲ್ಕು ಗಂಟೆಯ ಹತ್ತಿರ ತಿರುಪಿನ ಕ್ರೌನ್ (ಸಮಯ ತಿದ್ದುವ ಗುಬ್ಬಿ), 22 ಮಿ.ಮೀ. ಬೆಲ್ಟು. 1996ರಲ್ಲಿ ಮಾರುಕಟ್ಟೆಗೆ ಬಂದು 2019ರ ಸುಮಾರಿಗೆ ನಿಂತುಹೋದ ಮಾದರಿ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡಿನ ಗಲ್ಫ್ ಮನೆಗಳಲ್ಲಿ ಇದು ಅಪರೂಪವೇನಲ್ಲ. ಆ ಕಡೆಯಿಂದ ಬಂದ ಹಲವು ವಾಚುಗಳಲ್ಲಿ ವಾರದ ಚಕ್ರ ಇಂಗ್ಲಿಷಿನ ಜೊತೆ ಅರಬಿಯಲ್ಲೂ ಇರುತ್ತದೆ, ಇದರಲ್ಲೂ ಇದೆ. ಕೇಳುತ್ತಿರುವ ಬೆಲೆ 20,000 ರೂಪಾಯಿಯ ಮೇಲೆ. ಅಷ್ಟು ಕೊಡಬಹುದೇ, ಕೊಟ್ಟರೆ ನೀರಿಗಿಳಿಸಬಹುದೇ ಎಂದು ತೀರ್ಮಾನಿಸಬೇಕು.

ದಿನಕ್ಕೆ ಎಷ್ಟು ಸೆಕೆಂಡು ಹಿಂದೆ ಮುಂದೆ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಈ ದರ್ಜೆಯ ಡೈವ್ ವಾಚಿಗೆ ಅದು ಕೊನೆಯ ಪ್ರಶ್ನೆ. ಯಂತ್ರ ಹಾಳಾದರೆ ಸರ್ವಿಸ್ ಮಾಡಬಹುದು, ಅದೂ ಆಗದಿದ್ದರೆ ಬದಲಿ ಯಂತ್ರವೇ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ನೀರು ತಡೆಯುವ ಮೂರು ಜಾಗಗಳಿವೆ: ಹಿಂಬದಿ ಮುಚ್ಚಳದ ಗ್ಯಾಸ್ಕೆಟ್ (ನೀರು ತಡೆಯುವ ರಬ್ಬರಿನ ಬಳೆ) ಕೂರುವ ತೋಡು, ಕ್ರೌನ್ ಕೂರುವ ನಳಿಗೆ, ಗಾಜು ಕೂರುವ ಅಂಚು. ಇವು ಒಮ್ಮೆ ತಿಂದುಹೋದರೆ ಹೊಸ ಗ್ಯಾಸ್ಕೆಟ್ ಹಾಕಿಯೂ ಪ್ರಯೋಜನವಿಲ್ಲ. ಉಪ್ಪುಗಾಳಿ, ಸೆಕೆ, ನಾಲ್ಕು ತಿಂಗಳ ಮಳೆ ಇರುವ ಕರಾವಳಿಯಲ್ಲಿ ಬೆಲೆ ಕಟ್ಟುವುದೆಂದರೆ ಈ ಮೂರು ಜಾಗಗಳನ್ನು ನೋಡುವುದು. ಉಳಿದದ್ದೆಲ್ಲ ಅದರ ಮೇಲಿನ ಕೂಡಿಸು-ಕಳೆ.

ಬಿಚ್ಚುವ ಮುಂಚೆ

ಮುಚ್ಚಳದ ಮೇಲಿನ 7ಎಸ್26-0020ರಲ್ಲಿ ಮೊದಲ ಭಾಗ ಯಂತ್ರದ್ದು, ಎರಡನೆಯದು ಕೇಸಿನದು, ಅಂದರೆ ಹೊರಕವಚದ್ದು. ಡಯಲಿನ ತಳದಂಚಿನಲ್ಲಿ ಸಣ್ಣಕ್ಷರದ ಸಂಕೇತವೂ 7ಎಸ್26 ಎಂದೇ ಶುರುವಾಗಬೇಕು. ಆಗದಿದ್ದರೆ ಡಯಲು ಬೇರೆ ವಾಚಿನದು, ಇಲ್ಲವೇ ಹೊರಗೆ ಮಾಡಿಸಿದ್ದು. ಸೀರಿಯಲ್ ನಂಬರಿನ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಜನವರಿಯಿಂದ ಸೆಪ್ಟೆಂಬರ್‌ವರೆಗೆ 1ರಿಂದ 9, ಮುಂದಿನ ಮೂರು ತಿಂಗಳಿಗೆ ಓ, ಎನ್, ಡಿ. ಈ ವಾಚಿನದು 7, ಎನ್. ಅಂದರೆ 7ರಲ್ಲಿ ಕೊನೆಯಾಗುವ ಯಾವುದೋ ವರ್ಷದ ನವೆಂಬರ್. ಯಾವ ದಶಕ ಎಂಬುದನ್ನು ಯಂತ್ರದ ತಲೆಮಾರು ಹೇಳುತ್ತದೆ: ಒಳಗೆ 7ಎಸ್26ಎ, ಬಿ, ಸಿ ಎಂದು ಕೊರೆದಿರುತ್ತಾರೆ. ಇದು ಸಿ, ಕೊನೆಯ ತಲೆಮಾರು. ಹಾಗಾಗಿ 2017.

ಡಯಲಿನ ಮೇಲೆ "ಡೈವರ್ಸ್ 200ಎಂ" ಎಂದಿದೆ. ಈ ಪದಕ್ಕೆ ತೂಕವಿದೆ. ಐಎಸ್‌ಒ 6425 ಎಂಬ ಡೈವ್ ವಾಚುಗಳ ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಂದುವ ವಾಚು ಮಾತ್ರ ಹಾಗೆ ಬರೆದುಕೊಳ್ಳಬಹುದು. ಬರೆದ ಆಳಕ್ಕಿಂತ ಕಾಲುಭಾಗ ಹೆಚ್ಚಿನ ಒತ್ತಡದಲ್ಲಿ ಎರಡು ಗಂಟೆ, ಉಪ್ಪುನೀರಿನಲ್ಲಿ 24 ಗಂಟೆ, ಹೊಡೆತ, ಅಯಸ್ಕಾಂತ, ಕತ್ತಲಲ್ಲಿ 25 ಸೆಂ.ಮೀ. ದೂರದಿಂದ ಓದಲು ಬರುವುದು, ಎಲ್ಲವೂ ಅದರೊಳಗೆ ಬರುತ್ತದೆ. ಬರೀ "ವಾಟರ್ ರೆಸಿಸ್ಟಂಟ್" ಎಂದು ಬರೆದ ವಾಚಿಗೆ ಈ ಕಟ್ಟುಪಾಡಿಲ್ಲ. 2019ರಲ್ಲಿ ಇದೇ ಮೈಕಟ್ಟಿನಲ್ಲಿ ಬಂದ ಸೈಕೋ 5 ಸ್ಪೋರ್ಟ್ಸ್ ಎಸ್‌ಆರ್‌ಪಿಡಿ ಸಾಲು ನೋಡಲು ಅವಳಿಯಂತಿದ್ದರೂ 100 ಮೀಟರಿನದು, ಕ್ರೌನಿಗೆ ತಿರುಪಿಲ್ಲ. ಎಸ್‌ಕೆಎಕ್ಸ್ ಬೆಲೆಗೆ ಅದನ್ನು ಕೊಳ್ಳಬಾರದು.

ಕ್ರೌನನ್ನು ಎಡಕ್ಕೆ ತಿರುಗಿಸಿ ಬಿಚ್ಚಿದಾಗ ಒಳಗಿನ ಸ್ಪ್ರಿಂಗ್ ಅದನ್ನು ಹೊರಕ್ಕೆ ತಳ್ಳಬೇಕು. ಮತ್ತೆ ಕೂರಿಸುವಾಗ ಮೊದಲು ಎಡಕ್ಕೆ ಸ್ವಲ್ಪ ತಿರುಗಿಸಿ, ತಿರುಪಿನ ಎಳೆಗೆ ಎಳೆ ಬಿದ್ದ ಸಣ್ಣ ಕುಸಿತ ಬೆರಳಿಗೆ ತಾಗಿದ ಮೇಲೆ ಬಲಕ್ಕೆ ತಿರುಗಿಸಬೇಕು. ಮರಳು ಅರೆದಂಥ ಗರಗರ ಇದ್ದರೆ ಎಳೆಯಲ್ಲಿ ಉಪ್ಪೋ ಮಣ್ಣೋ ಕೂತಿದೆ, ತೊಳೆದರೆ ಹೋಗುತ್ತದೆ. ಬಿಗಿಯಾಗಬೇಕಾದ ಹೊತ್ತಿಗೆ ಜಾರಿ ಮತ್ತೆ ಸಡಿಲವಾದರೆ ಎಳೆ ಕಿತ್ತುಹೋಗಿದೆ. ಈ ಕೇಸಿನ ನಳಿಗೆಯನ್ನು ಸುಲಭದಲ್ಲಿ ಬದಲಿಸಲು ಬರುವುದಿಲ್ಲ, ಆದ್ದರಿಂದ ಹಾಗಾದಲ್ಲಿ ಮಾತುಕತೆ ಅಲ್ಲಿಗೇ ನಿಲ್ಲಬೇಕು. ಬಿಚ್ಚಿದ ಕ್ರೌನು ಅತ್ತಿತ್ತ ಅಲ್ಲಾಡುವುದು ಮಾತ್ರ ಈ ಮಾದರಿಯಲ್ಲಿ ಸಹಜ, ದೋಷವಲ್ಲ.

ಬೆಜೆಲು, ಅಂದರೆ ಗಾಜಿನ ಸುತ್ತಲ ಬಳೆ, ಎಡಕ್ಕೆ ಮಾತ್ರ ತಿರುಗುತ್ತದೆ, ಪೂರ್ತಿ ಸುತ್ತಿಗೆ 120 ಕ್ಲಿಕ್. ಇದರದು ಅರ್ಧ ಸುತ್ತಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಂಚಿನಲ್ಲಿ ನೀಲಿ ಮಿಶ್ರಿತ ಬಿಳಿ ಹಕ್ಕಳೆ ಕಂಡ ಮೇಲೆ ಕಾರಣ ಹುಡುಕಬೇಕಾಗಿಲ್ಲ: ಅಡಿಕೆ ತೋಟಕ್ಕೆ ಮದ್ದು ಬಿಡುವಾಗ ಕೈಯಲ್ಲಿದ್ದ ವಾಚು. ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಉಕ್ಕಿಗೆ ಅದರಿಂದ ದೊಡ್ಡ ಕೇಡಿಲ್ಲ. ಆದರೆ ಬೆಜೆಲಿನ ಕಪ್ಪು ಬಿಲ್ಲೆ ಬಣ್ಣ ಹಿಡಿಸಿದ ಅಲ್ಯೂಮಿನಿಯಂ. ಸುಣ್ಣದ ಕ್ಷಾರ ಅದರ ಮೇಲ್ಪದರವನ್ನು ತಿನ್ನುತ್ತದೆ. ಇಲ್ಲಿ 40 ನಿಮಿಷದ ಗುರುತಿನ ಬಳಿ ಬಿಳಿಚಿದ ಮಚ್ಚೆ ಇದೆ. ಬಿಲ್ಲೆ ಬದಲಿಸಿದರಾಯಿತು: ಹೊರವ್ಯಾಸ 38 ಮಿ.ಮೀ., ಒಳವ್ಯಾಸ 31.5.

ಟೈಮ್‌ಗ್ರಾಫರಿನಲ್ಲಿ (ವಾಚಿನ ಬಡಿತ ಅಳೆಯುವ ಉಪಕರಣ) ಲಿಫ್ಟ್ ಕೋನ, ಅಂದರೆ ಈ ಯಂತ್ರಕ್ಕೆ ನಿಗದಿಯಾದ ಲೆಕ್ಕದ ಅಂಕಿ, 53 ಡಿಗ್ರಿಗೆ ಇಟ್ಟು ನೋಡಿದ್ದು. ಡಯಲ್ ಮೇಲ್ಮುಖ: ದಿನಕ್ಕೆ +18 ಸೆಕೆಂಡು, ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ತೂಗುವ ಕೋನ) 228 ಡಿಗ್ರಿ, ಬೀಟ್ ದೋಷ (ಟಿಕ್ ಮತ್ತು ಟಾಕ್ ನಡುವಿನ ಏರುಪೇರು) 0.9 ಮಿಲಿಸೆಕೆಂಡು. ಕ್ರೌನ್ ಕೆಳಮುಖ: −7, ಆಂಪ್ಲಿಟ್ಯೂಡ್ 196. ಕೋನವನ್ನು ಅಳೆಯುವ ಉಪಕರಣದ ಪೂರ್ವನಿಗದಿ 52ರಲ್ಲೇ ಬಿಟ್ಟರೆ ಆಂಪ್ಲಿಟ್ಯೂಡ್ ತುಸು ತಪ್ಪಾಗಿ ಕಾಣುತ್ತದೆ, ಗಮನಿಸಿ. ಈ ಅಂಕಿಗಳು ಹೇಳುವುದು ಎಣ್ಣೆ ಒಣಗಿದೆ ಎಂದಷ್ಟೇ. ಮುರಿದದ್ದು ಯಾವುದೂ ಇಲ್ಲ.

ಮಂಜು ಪರೀಕ್ಷೆಯ ಮೋಸ

ಐಎಸ್‌ಒ ಪರೀಕ್ಷೆಯ ಒಂದು ಭಾಗವನ್ನು ಮನೆಯಲ್ಲೂ ಮಾಡಬಹುದು. ವಾಚನ್ನು 40ರಿಂದ 45 ಡಿಗ್ರಿ ಬಿಸಿಯ ಲೋಹದ ತಟ್ಟೆಯ ಮೇಲೆ ಅದರ ಮೈಯೂ ಅಷ್ಟೇ ಬಿಸಿಯಾಗುವವರೆಗೆ ಇಡಿ. ಗಾಜಿನ ಮೇಲೆ 18ರಿಂದ 25 ಡಿಗ್ರಿಯ ಒಂದು ಹನಿ ನೀರು. ಒಂದು ನಿಮಿಷದ ನಂತರ ಒರೆಸಿ, ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದೆಯೇ ನೋಡಿ. ಕಟ್ಟಿದರೆ ಒಳಗೆ ತೇವವಿದೆ.

ಈ ವಾಚಿನಲ್ಲಿ ಮಂಜು ಕಟ್ಟಿತು. ಸೋರುತ್ತಿದೆ ಎಂದು ಅಷ್ಟರಿಂದಲೇ ತೀರ್ಮಾನಿಸುವಂತಿಲ್ಲ. ಹಿಂದೊಮ್ಮೆ ಮುಚ್ಚಳ ತೆಗೆದ ಗೀರುಗಳು ಅಂಚಿನಲ್ಲಿವೆ. ಅದನ್ನು ಮಳೆಗಾಲದಲ್ಲಿ ಬಿಚ್ಚಿ ಮುಚ್ಚಿದ್ದರೆ? 30 ಡಿಗ್ರಿ ಸೆಕೆಯಲ್ಲಿ ಗಾಳಿಯ ತೇವಾಂಶ 85% ಇದ್ದಾಗ ಅದರ ಇಬ್ಬನಿ ಬಿಂದು ಸುಮಾರು 27 ಡಿಗ್ರಿ, ಅಂದರೆ ಅದಕ್ಕಿಂತ ತಣ್ಣಗಾದ ಮೈಯ ಮೇಲೆ ಆ ಗಾಳಿಯ ತೇವ ಹನಿಯಾಗುತ್ತದೆ. ಆ ಗಾಳಿಯನ್ನು ಒಳಗಿಟ್ಟು ಮುಚ್ಚಿದರೆ ವಾಚು ಎಷ್ಟೇ ಭದ್ರವಾಗಿರಲಿ, ತಣ್ಣನೆಯ ಹನಿ ಬಿದ್ದಲ್ಲಿ ಮಂಜು ಕಟ್ಟಬಹುದು. ಎ.ಸಿ. ಬಸ್ಸು ಹತ್ತಿದೊಡನೆ ಗಾಜು ಮಸುಕಾಗುವುದೂ ಇದರಿಂದಲೇ. ಕರಾವಳಿಯಲ್ಲಿ "ಲೀಕ್" ಎಂದು ಬರುವ ವಾಚುಗಳಲ್ಲಿ ಒಂದಷ್ಟು ಲೀಕ್ ಅಲ್ಲವೇ ಅಲ್ಲ, ಜುಲೈ ತಿಂಗಳ ಗಾಳಿ ತುಂಬಿಸಿ ಮುಚ್ಚಿದವು.

ಎರಡರಲ್ಲಿ ಯಾವುದೆಂದು ತಿಳಿಯಲು ಒತ್ತಡ ಪರೀಕ್ಷೆ ಬೇಕು. ಯಂತ್ರ ಒಳಗಿರುವಾಗಲೇ ಅದನ್ನು ಮಾಡಿದರೆ, ಸೋರುವ ವಾಚಾಗಿದ್ದಲ್ಲಿ ಯಂತ್ರಕ್ಕೆ ನೀರು ಕುಡಿಸಿದಂತಾಗುತ್ತದೆ. ಆದ್ದರಿಂದ ಕ್ರಮ ಹೀಗೆ: ಮೊದಲು ಬಿಚ್ಚಿ ಯಂತ್ರ ಹೊರಗೆ, ನಂತರ ಖಾಲಿ ಕೇಸಿನ ಪರೀಕ್ಷೆ, ಆಮೇಲೆ ಯಂತ್ರ ಒಳಗೆ.

ಮುಚ್ಚಳ, ತೋಡು, ತುಕ್ಕು

ಬಿಚ್ಚುವ ಮುಂಚೆ ಮುಚ್ಚಳದ ಸುತ್ತಲ ಸಂದಿಯನ್ನು, ಕ್ರೌನ್ ಬಿಗಿಯಾಗಿರುವಾಗಲೇ, ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಮೆದು ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಬೆವರು ಮತ್ತು ಪೌಡರು ಸೇರಿ ಗಟ್ಟಿಯಾದ ಆ ಕೊಳೆ ಮುಚ್ಚಳ ತಿರುಗುವಾಗ ನೇರ ಯಂತ್ರದ ಮೇಲೆ ಉದುರುತ್ತದೆ. ಮುಚ್ಚಳ ಸಿಕ್ಕಿಕೊಂಡಿದ್ದರೆ ತೆಂಗಿನೆಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ. ಎಳೆಯೊಳಗಿಂದ ಅದು ಡಯಲಿಗೆ ಹೋಗುತ್ತದೆ. ಕೇಸನ್ನು ಹೋಲ್ಡರಿನಲ್ಲಿ ಗಟ್ಟಿಯಾಗಿ ಕೂರಿಸಿ, ಮೂರು ಹಲ್ಲಿನ ಕೀಯನ್ನು ಕಚ್ಚುಗಳಿಗೆ ಸರಿಯಾಗಿ ಹೊಂದಿಸಿ, ಮೇಲಿಂದ ಒತ್ತಿಹಿಡಿದು ತಿರುಗಿಸಬೇಕು. ಒತ್ತಡ ಕಡಿಮೆಯಾದರೆ ಕೀ ಜಾರಿ ಮುಚ್ಚಳದ ನಡುವಿನ ಅಲೆಯ ಚಿತ್ರದ ಮೇಲೆ ಗೀರು ಬೀಳುತ್ತದೆ, ಮರುಮಾರಾಟದ ಬೆಲೆಯೂ ಬೀಳುತ್ತದೆ.

ಗ್ಯಾಸ್ಕೆಟ್ ತೆಗೆದಾಗ ಗುಂಡಗಿರಬೇಕಾದ ರಬ್ಬರು ಪಟ್ಟಿಯಂತೆ ಚಪ್ಪಟೆ. ಬೆರಳಲ್ಲಿ ಮಡಿಸಿದರೆ ಹೊರಮೈಯಲ್ಲಿ ಸಣ್ಣ ಬಿರುಕು. ರಬ್ಬರು ನೀರು ತಡೆಯುವುದು ತನ್ನ ಹಿಗ್ಗುವ ಗುಣದಿಂದ: ಒತ್ತಿದಾಗ ಮರಳಿ ತಳ್ಳಬೇಕು. ವರ್ಷಗಟ್ಟಲೆ ಒತ್ತಿಸಿಕೊಂಡು ಆ ಆಕಾರದಲ್ಲೇ ಗಟ್ಟಿಯಾದ ರಬ್ಬರಿಗೆ ತಳ್ಳುವ ಶಕ್ತಿ ಇಲ್ಲ. ನೋಡಲು ಕೂತಂತೆ ಕಾಣುತ್ತದೆ, ಒತ್ತಡ ಬಂದರೆ ದಾರಿ ಬಿಡುತ್ತದೆ. ತೆಗೆದ ಗ್ಯಾಸ್ಕೆಟ್ಟನ್ನು ತೊಳೆದು ಗ್ರೀಸು ಸವರಿ ಮರಳಿ ಹಾಕುವ ಪದ್ಧತಿ ಇದೆ. ಡೈವ್ ವಾಚಿನಲ್ಲಿ ಅದಕ್ಕೆ ಅವಕಾಶವೇ ಇರಬಾರದು.

ಇನ್ನು ತೋಡು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಭೂತಗನ್ನಡಿ), ಓರೆಯಾಗಿ ಬೀಳುವ ಬೆಳಕು, ಅವಸರವಿಲ್ಲದ ಕಣ್ಣು. ಬೆಲೆಯ ಅರ್ಧ ಇಲ್ಲಿ ನಿರ್ಧಾರವಾಗುತ್ತದೆ.

ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯದಿರುವುದು ಅದರ ಮೇಲಿರುವ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆಯಿಂದ. ಗೀರಿದರೂ ಗಾಳಿಯ ಆಮ್ಲಜನಕ ಸಿಕ್ಕರೆ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ಗ್ಯಾಸ್ಕೆಟ್ಟಿಗೂ ಉಕ್ಕಿಗೂ ನಡುವಿನ ಕೂದಲೆಳೆಯ ಸಂದಿಯಲ್ಲಿ ಬೆವರಿನ, ಸಮುದ್ರದ ಉಪ್ಪುನೀರು ನಿಂತರೆ ಅಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಕ್ಲೋರೈಡು ಪೊರೆಯನ್ನು ಮುರಿಯುತ್ತದೆ, ಮತ್ತೆ ಕಟ್ಟಲು ಆಮ್ಲಜನಕವಿಲ್ಲ, ಸಂದಿಯೊಳಗಿನ ನೀರು ಇನ್ನಷ್ಟು ಆಮ್ಲೀಯವಾಗುತ್ತ ಹೋಗುತ್ತದೆ. ಹೊರಗೆ ಹೊಳೆಯುವ ಕೇಸು ಒಳಗೆ ಗುಳಿ ಬೀಳುವುದು ಹೀಗೆ. ಸಮುದ್ರದಲ್ಲಿ ಮುಳುಗಿಸಿದ ವಾಚಿಗಿಂತ, ಮುಳುಗಿಸಿದ ಮೇಲೆ ತೊಳೆಯದೆ ಇಟ್ಟ ವಾಚು ಹೆಚ್ಚು ಕೆಡುತ್ತದೆ.

ಇಲ್ಲಿ ಕಂಡದ್ದು: ತಿರುಪಿನ ಎಳೆಯ ಹೊರಗಡೆ ಕಂದು ಕಲೆ, ಆರೇಳು ಸಣ್ಣ ಗುಳಿ. ತೋಡಿನ ತಳದಲ್ಲಿ ಏಳು ಗಂಟೆಯ ನೇರಕ್ಕೆ ಒಂದು ಗುಳಿ, ಹೊರ ಅಂಚಿನಿಂದ ಶುರುವಾಗಿ ಗ್ಯಾಸ್ಕೆಟ್ ಒತ್ತುವ ಅಗಲದ ಮೂರನೇ ಒಂದು ಭಾಗದಷ್ಟು ಒಳಬಂದಿದೆ. ನೋಡಬೇಕಾದದ್ದು ಗುಳಿಯ ಆಳವನ್ನಲ್ಲ, ದಿಕ್ಕನ್ನು. ತೋಡಿನ ಉದ್ದಕ್ಕೂ ಸಾಗುವ ಗುಳಿಯನ್ನು ಹೊಸ ರಬ್ಬರು ತುಂಬಿಕೊಳ್ಳುತ್ತದೆ. ಹೊರಗಿನಿಂದ ಒಳಕ್ಕೆ ಅಡ್ಡ ಹಾಯುವ ಗುಳಿ ನೀರಿಗೆ ಕಾಲುವೆ. ಅರ್ಧ ಅಗಲ ದಾಟಿದ್ದರೆ ಈ ಕೇಸನ್ನು ನೀರಿಗಿಳಿಯುವ ವಾಚೆಂದು ಲೆಕ್ಕ ಹಿಡಿಯುವಂತಿಲ್ಲ. ಲೇಸರ್ ವೆಲ್ಡಿಂಗ್ ಮಾಡಿಸಿ ಮತ್ತೆ ಕಡೆಯಬೇಕು, ಆ ಖರ್ಚಿಗೆ ಅರ್ಥವಿಲ್ಲ. ಮೂರನೇ ಒಂದು ಭಾಗ ಎಂದರೆ ಈಗ ಪಾಸು, ಮುಂದೆ ಪ್ರತಿ ವರ್ಷ ತೆರೆದು ನೋಡಬೇಕು.

ಕಲೆ ತೆಗೆಯಲು ಚೂಪು ಮಾಡಿದ ಬಿದಿರಿನ ಕಡ್ಡಿ, ಸೋಪುನೀರು. ಉಕ್ಕಿನ ಮೊನೆ ಬೇಡ, ಮರಳು ಕಾಗದ ಬೇಡವೇ ಬೇಡ. ಪಾಲಿಶ್ ಮಾಡಲು ಹೋಗಿ ಎಬ್ಬಿಸಿದ ಅಡ್ಡ ಗೀರುಗಳೇ ಹೊಸ ಸೋರುದಾರಿಗಳಾಗುತ್ತವೆ.

ಯಂತ್ರ ಹೊರಗೆ, ಕೇಸು ತೊಳೆಯಲು

ಕ್ರೌನಿನ ತಿರುಪು ಬಿಚ್ಚಿ, ಅದನ್ನು ಹೊರಕ್ಕೆ ಎಳೆಯದೆ ಒಳಸ್ಥಾನದಲ್ಲೇ ಇಟ್ಟು, ಸ್ಟೆಮ್ಮಿನ (ಕ್ರೌನನ್ನು ಯಂತ್ರಕ್ಕೆ ಸೇರಿಸುವ ಕಡ್ಡಿ) ಪಕ್ಕದ ಸಣ್ಣ ಗುಳಿಯನ್ನು ಹಗುರವಾಗಿ ಒತ್ತಿದರೆ ಸ್ಟೆಮ್ಮು ಹೊರಬರುತ್ತದೆ. ಬಲ ಹಾಕಿ ಒತ್ತಿದರೆ ಒಳಗಿನ ಲಿವರು ಜಾಗ ತಪ್ಪಿ, ಡಯಲು ಕಿತ್ತು ಸರಿಪಡಿಸುವ ಕೆಲಸ ಬೀಳುತ್ತದೆ.

ಬೆಜೆಲನ್ನು ಕೇಸು ಚಾಕುವಿನಿಂದ ಎಬ್ಬಿಸುವ ಮುಂಚೆ ಕೇಸಿನ ಮೈಗೆ ಎರಡು ಪದರ ಟೇಪು. ಬೆಜೆಲಿನಡಿಯ ಸಣ್ಣ ಕ್ಲಿಕ್ ಸ್ಪ್ರಿಂಗ್ ಹಾರಿಹೋಗದಂತೆ ಕೆಲಸವನ್ನು ತೆರೆದ ಪ್ಲಾಸ್ಟಿಕ್ ಚೀಲದೊಳಗೆ ಮಾಡಿದರೆ ಒಳ್ಳೆಯದು. ಅಲ್ಯೂಮಿನಿಯಂ ಬಿಲ್ಲೆ ಕಿತ್ತ ಮೇಲೆ, ಉಕ್ಕಿನ ಬೆಜೆಲಿನಲ್ಲಿ ಕೂತ ಸುಣ್ಣಕ್ಕೆ ನೀರು ಬೆರೆಸಿದ ವಿನಿಗರಿನಲ್ಲಿ ಹತ್ತು ನಿಮಿಷ ಸಾಕು, ನಂತರ ಧಾರಾಳ ನೀರು. ಬಿಲ್ಲೆ ಇರುವಾಗಲೇ ವಿನಿಗರಿಗೆ ಹಾಕಿದರೆ ಸುಣ್ಣ ತಿಂದು ಬಿಟ್ಟದ್ದನ್ನು ಹುಳಿ ತಿನ್ನುತ್ತದೆ.

ಗಾಜು 31.5 ಮಿ.ಮೀ. ವ್ಯಾಸದ ಹಾರ್ಡ್‌ಲೆಕ್ಸ್, ಅಂದರೆ ಗಟ್ಟಿ ಮಾಡಿದ ಮಿನರಲ್ ಗಾಜು. ಅಂಚಿನಲ್ಲಿ ಚಕ್ಕೆ ಎದ್ದಿಲ್ಲ, ಮೇಲೆ ಹುಲ್ಲುಗೀರು ಮಾತ್ರ. ಸಫೈರ್ ಹಾಕಿಸೋಣ ಎಂಬ ಮಾತು ಯಾವಾಗಲೂ ಬರುತ್ತದೆ. ಸಮುದ್ರತೀರದ ಮರಳಿನ ಸ್ಫಟಿಕ ಶಿಲೆಯ ಕಾಠಿಣ್ಯ ಮೋಸ್ ಮಾನದಲ್ಲಿ 7. ಮಿನರಲ್ ಗಾಜು ಅದಕ್ಕಿಂತ ಕೆಳಗೆ, ಸಫೈರ್ 9. ಮರಳಿನಲ್ಲಿ ಉಜ್ಜಿದರೆ ಮೊದಲನೆಯದು ಗೀರುತ್ತದೆ, ಎರಡನೆಯದು ಗೀರುವುದಿಲ್ಲ. ಆದರೆ ಹೊರಗಿನ ಸಫೈರುಗಳ ವ್ಯಾಸದಲ್ಲಿ ಕೂದಲೆಳೆ ವ್ಯತ್ಯಾಸವಾದರೂ ಗಾಜಿನ ಗ್ಯಾಸ್ಕೆಟ್ ಸರಿಯಾಗಿ ಹಿಡಿಯುವುದಿಲ್ಲ. ಮೂಲ ಭಾಗ ಹೋದದ್ದಕ್ಕೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ. ಓದಲು ಅಡ್ಡಿಯಾಗದ ಗಾಜನ್ನು ಬಿಡುವುದೇ ಸರಿ.

ಹಾಗಿದ್ದರೂ ಇಲ್ಲಿ ಗಾಜು ತೆಗೆದದ್ದು ಎರಡು ಕಾರಣಕ್ಕೆ: ಅದರ ಸುತ್ತಲಿನ ಪ್ಲಾಸ್ಟಿಕ್ ಗ್ಯಾಸ್ಕೆಟ್ ಹಳದಿಯಾಗಿತ್ತು, ಒಳಗಿನ ನಿಮಿಷದ ಉಂಗುರ ಡಯಲಿನ ಗುರುತಿಗಿಂತ ತುಸು ಬಲಕ್ಕೆ ವಾಲಿತ್ತು. ಈ ವಾಲಿಕೆ ಕಾರ್ಖಾನೆಯಿಂದಲೇ ಬರುವ, ಈ ಸಾಲಿನ ಹೆಸರುವಾಸಿ ದೋಷ. ಗಾಜನ್ನು ಒಮ್ಮೆ ತಳ್ಳಿದ ಮೇಲೆ ಆ ಗ್ಯಾಸ್ಕೆಟ್ಟನ್ನು ಮರುಬಳಸಬಾರದು. ಹೊಸದನ್ನು ಕೂರಿಸಿ, ಪ್ರೆಸ್ಸಿನ ಅಚ್ಚು ಗಾಜಿನ ಅಂಚಿಗೆ ಸಮನಾಗಿ ಕೂತಿದೆಯೇ ಎಂದು ನಾಲ್ಕು ಕಡೆಯಿಂದ ನೋಡಿ ನಿಧಾನಕ್ಕೆ ಒತ್ತಬೇಕು. ಓರೆಯಾಗಿ ಇಳಿದರೆ ಗ್ಯಾಸ್ಕೆಟ್ಟಿನ ಒಂದು ಕಡೆ ಸಿಪ್ಪೆಯಂತೆ ಸುಲಿದು ಮೇಲೆ ಬರುತ್ತದೆ. ಕಂಡರೆ ಮತ್ತೆ ತೆಗೆದು ಇನ್ನೊಂದು ಹೊಸದು ಹಾಕಬೇಕು. ಹಾಗಾಗಿ ಕೊಳ್ಳುವಾಗಲೇ ಎರಡು ತರಿಸಿಡಿ.

ಕ್ರೌನಿನ ಗ್ಯಾಸ್ಕೆಟ್ ಅದರೊಳಗೆ ಕೂತಿರುತ್ತದೆ. ನೀರು ತಡೆಯುವುದು ಅದು, ತಿರುಪಲ್ಲ. ತಿರುಪಿನ ಕೆಲಸ ಕ್ರೌನು ಅರಿವಿಲ್ಲದೆ ಹೊರಬಾರದಂತೆ ಹಿಡಿಯುವುದು, ಗ್ಯಾಸ್ಕೆಟ್ಟನ್ನು ನಳಿಗೆಗೆ ಒತ್ತಿ ಇಡುವುದು. ಬಿಡಿ ಗ್ಯಾಸ್ಕೆಟ್ ಸರಿಯಾದ ಅಳತೆಯಲ್ಲಿ ಸಿಗದಿದ್ದರೆ ಕ್ರೌನನ್ನೇ ಪೂರ್ತಿ ಬದಲಿಸಬೇಕು.

ಗ್ರೀಸು ಎಂದರೆ ಸಿಲಿಕೋನ್ ಗ್ರೀಸು, ಗ್ಯಾಸ್ಕೆಟ್ಟಿನ ಮೈ ತೇವವಾದಂತೆ ಕಂಡರೆ ಸಾಕು, ಮುದ್ದೆ ಕಾಣಬಾರದು. ಕಪ್ಪು ನೈಟ್ರೈಲ್ ರಬ್ಬರಿಗೆ ಇದು ಸರಿ. ಗ್ಯಾಸ್ಕೆಟ್ಟೇ ಸಿಲಿಕೋನಿನದಾದರೆ ಸಿಲಿಕೋನ್ ಗ್ರೀಸು ಅದನ್ನು ಉಬ್ಬಿಸುತ್ತದೆ, ಹಾಕಬಾರದು. ತೆಂಗಿನೆಣ್ಣೆ ಹಚ್ಚಿದ ಗ್ಯಾಸ್ಕೆಟ್ಟುಗಳನ್ನು ಈ ಸೀಮೆಯಲ್ಲಿ ಆಗಾಗ ಕಾಣಬಹುದು. ಅದು ಕಮಟಿ ಅಂಟಾಗಿ ಧೂಳು ಹಿಡಿಯುತ್ತದೆ.

ಖಾಲಿ ಕೇಸಿನ ಪರೀಕ್ಷೆ

ಕೇಸು, ಗಾಜು, ಕ್ರೌನು, ಮುಚ್ಚಳ ಎಲ್ಲ ಹೊಸ ಗ್ಯಾಸ್ಕೆಟ್ಟಿನೊಂದಿಗೆ, ಯಂತ್ರವಿಲ್ಲದೆ. ಒಳಗೆ ಒಣ ಟಿಶ್ಯೂ ಕಾಗದದ ಚೂರು. ಕೈಪಂಪಿನ ಪರೀಕ್ಷಕದಲ್ಲಿ ಅರ್ಧ ನೀರು ತುಂಬಿ, ವಾಚನ್ನು ನೀರಿನ ಮೇಲಿನ ಗಾಳಿಯಲ್ಲಿ ತೂಗಿಸಿ 3 ಬಾರ್‌ವರೆಗೆ ಪಂಪು. ಹತ್ತು ನಿಮಿಷ ಹಾಗೇ ಬಿಡಿ: ಸಂದಿಯಿದ್ದರೆ ಒತ್ತಡದ ಗಾಳಿ ಒಳಹೋಗಲಿ. ಆಮೇಲೆ ವಾಚನ್ನು ನೀರಿಗೆ ಇಳಿಸಿ ಒತ್ತಡವನ್ನು ನಿಧಾನವಾಗಿ ಬಿಡುತ್ತ ಬಂದರೆ, ಒಳಹೊಕ್ಕ ಗಾಳಿ ಹೊಕ್ಕ ದಾರಿಯಿಂದಲೇ ಗುಳ್ಳೆಯ ಸಾಲಾಗಿ ಹೊರಬರುತ್ತದೆ. ಒಂದೆರಡು ಬಿಡಿ ಗುಳ್ಳೆ ಬೆಜೆಲಿನ ಅಡಿಯಿಂದಲೋ ಬೆಲ್ಟಿನ ಪಿನ್ನಿನ ತೂತಿನಿಂದಲೋ ಬಂದರೆ ಅದು ಸಿಕ್ಕಿಕೊಂಡ ಗಾಳಿ. ಒಂದೇ ಜಾಗದಿಂದ ಎಡೆಬಿಡದೆ ಬಂದರೆ ಸೋರಿಕೆ. ಯಂತ್ರ ಇರುವ ವಾಚಿನಲ್ಲಿ ಹಾಗೆ ಕಂಡ ಕ್ಷಣ ಒತ್ತಡ ಬಿಡುವುದನ್ನು ನಿಲ್ಲಿಸಿ ಮೊದಲು ವಾಚನ್ನು ನೀರಿನಿಂದ ಮೇಲೆತ್ತಬೇಕು.

ಈ ಕೇಸಿನಲ್ಲಿ ಸಾಲು ಕಂಡದ್ದು ಕ್ರೌನಿನ ಬುಡದಲ್ಲಿ. ಮುಚ್ಚಳ ಭದ್ರ, ಏಳು ಗಂಟೆಯ ಗುಳಿ ಸೋಲಿಸಲಿಲ್ಲ. ಕ್ರೌನ್ ಬಿಚ್ಚಿ ನಳಿಗೆಯ ತುದಿಯನ್ನು ಲೂಪಿನಲ್ಲಿ ನೋಡಿದಾಗ ಒಣಗಿದ ಸುಣ್ಣದ ಒಂದು ಕಣ ಗ್ಯಾಸ್ಕೆಟ್ ತಾಗುವ ಅಂಚಿನಲ್ಲಿ ಅಂಟಿಕೊಂಡಿತ್ತು. ವಿನಿಗರ್ ಅದ್ದಿದ ಬಿದಿರಿನ ಕಡ್ಡಿ, ತೊಳೆತ, ಮತ್ತೊಂದು ಹೊಸ ಗ್ಯಾಸ್ಕೆಟ್. ಮರುಪರೀಕ್ಷೆಯಲ್ಲಿ ಗುಳ್ಳೆಯಿಲ್ಲ, ಟಿಶ್ಯೂ ಒಣ. 3 ಬಾರ್ ಎಂದರೆ ನಿಂತ ನೀರಿನ 30 ಮೀಟರಿಗೆ ಸಮ. 200 ಮೀಟರಿಗೆ 20 ಬಾರ್ ಬೇಕು, ಕೈಪಂಪು ಅದನ್ನು ತೋರಿಸಲಾರದು. ಸೋರಿಕೆ ಇಲ್ಲ ಎಂದು ಹೇಳಬಹುದು, 200 ಮೀಟರಿಗೆ ಪಾಸು ಎನ್ನುವಂತಿಲ್ಲ. ಹಾಗೆ ಬರೆದುಕೊಡುವ ಅಂಗಡಿಯನ್ನು, ಅದರ ಬಳಿ ದೊಡ್ಡ ನೀರಿನ ಪರೀಕ್ಷಕ ಇದೆಯೇ ಎಂದು ಕೇಳಿ.

ಯಂತ್ರ

7ಎಸ್26: 21 ಜ್ಯುವೆಲ್ (ಸವೆತ ತಡೆಯುವ ಕಲ್ಲು), ಗಂಟೆಗೆ 21,600 ಬಡಿತ, ಕೈಯಲ್ಲಿ ಕೀ ಕೊಡಲು ಬರುವುದಿಲ್ಲ, ಕ್ರೌನ್ ಎಳೆದರೂ ಸೆಕೆಂಡು ಮುಳ್ಳು ನಿಲ್ಲುವುದಿಲ್ಲ. ಎರಡೂ ಕೊರತೆಯೆನ್ನುವವರಿದ್ದಾರೆ. ಆದರೆ ಕೆಡುವ ಭಾಗಗಳೂ ಅಷ್ಟೇ ಕಡಿಮೆ. 1959ರಿಂದ ಸೈಕೋ ಬಳಸುತ್ತಿರುವ ಮ್ಯಾಜಿಕ್ ಲಿವರಿನ ಎರಡು ಕೊಕ್ಕೆಗಳಲ್ಲಿ ಒಂದು ತಳ್ಳುತ್ತದೆ, ಒಂದು ಎಳೆಯುತ್ತದೆ. ಕೈ ಆಡಿದಂತೆ ತಿರುಗುವ ತೂಕದ ಬಿಲ್ಲೆ, ರೋಟರ್, ಯಾವ ಕಡೆ ತಿರುಗಿದರೂ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ.

ಮುಚ್ಚಳದ ಒಳಮೈಯಲ್ಲಿ ಬಿಲ್ಲಿನಾಕಾರದ ಹೊಳಪು ಗೀರಿದ್ದರೆ ರೋಟರಿನ ಬೇರಿಂಗ್ ಸಡಿಲವಾಗಿದೆ ಎಂದರ್ಥ. ಇಲ್ಲಿ ಇಲ್ಲ. ಕಳಚುವ ಮುಂಚೆ ಮೇನ್‌ಸ್ಪ್ರಿಂಗಿನ ಬಲ ಇಳಿಸಬೇಕು: ರ‍್ಯಾಚೆಟ್ ಚಕ್ರದ ಸ್ಕ್ರೂವನ್ನು ಸ್ಕ್ರೂಡ್ರೈವರಿನಲ್ಲಿ ಹಿಡಿದು, ಕ್ಲಿಕ್ಕನ್ನು ಸರಿಸಿ, ಹಿಡಿತ ಬಿಡದೆ ನಿಧಾನಕ್ಕೆ ಮರಳಿ ತಿರುಗಲು ಬಿಡುವುದು. ಕೊನೆಯಲ್ಲಿ ಪರೀಕ್ಷೆಗಾಗಿ ಸುತ್ತುವುದೂ ಇದೇ ಸ್ಕ್ರೂವಿನಿಂದ. ಸುಮಾರು ಎಂಟು ಸುತ್ತಿಗೆ ಪೂರ್ತಿ ತುಂಬುತ್ತದೆ.

ಚಕ್ರಗಳು, ಪಟ್ಟಿಗಳು ನಾಫ್ತಾದಲ್ಲಿ, ನಂತರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ. ಚಕ್ರದ ಓಟವನ್ನು ಹಲ್ಲು ಹಲ್ಲಾಗಿ ಬಿಡುವ ಪ್ಯಾಲೆಟ್ ಫೋರ್ಕನ್ನು ಆಲ್ಕೋಹಾಲಿಗೆ ಹಾಕಬೇಡಿ: ಕಲ್ಲುಗಳನ್ನು ಹಿಡಿದಿರುವ ಅರಗು ಕರಗುತ್ತದೆ. ವೇಗದ ಪಿವೋಟುಗಳಿಗೆ (ಚಕ್ರದ ಅಚ್ಚಿನ ತುದಿ) ಮೊಬಿಯಸ್ ಎಣ್ಣೆ 9010, ಬ್ಯಾರೆಲ್ಲಿನಂಥ ನಿಧಾನದ, ಭಾರದ ಜಾಗಕ್ಕೆ ಡಿ5, ಪ್ಯಾಲೆಟ್ ಕಲ್ಲಿನ ಮುಖಕ್ಕೆ 9415. ಫೋರ್ಕಿನ ಪಿವೋಟಿಗೆ ಎಣ್ಣೆ ಇಲ್ಲ. ಹಾಕಿದರೆ ಆಂಪ್ಲಿಟ್ಯೂಡ್ ಕುಸಿಯುತ್ತದೆ. ಹೊಡೆತ ತಾಳುವ ಡಯಾಶಾಕ್‌ನ ಮುಚ್ಚುಗಲ್ಲಿನ ನಡುವೆ ಎಣ್ಣೆಯ ಬೊಟ್ಟು ಕಲ್ಲಿನ ಅರ್ಧಕ್ಕಿಂತ ತುಸು ಹೆಚ್ಚು ಹರಡಿರಬೇಕು, ಅಂಚು ತಾಗಬಾರದು. ಮರುಜೋಡಣೆಯಲ್ಲಿ ಹೆಚ್ಚು ತಪ್ಪುವುದು ಮ್ಯಾಜಿಕ್ ಲಿವರಿನಲ್ಲಿ: ಎರಡೂ ಕೊಕ್ಕೆ ಚಕ್ರದ ಎರಡು ಬದಿಯ ಹಲ್ಲನ್ನು ಹಿಡಿದಿವೆಯೇ ಎಂದು ರೋಟರ್ ಹಾಕುವ ಮುಂಚೆ ನೋಡಬೇಕು. ಒಂದು ತಪ್ಪಿದರೂ ವಾಚು ಓಡುತ್ತದೆ, ಆದರೆ ರಾತ್ರಿ ಕಳಚಿಟ್ಟರೆ ಬೆಳಗಾಗುವುದರೊಳಗೆ ನಿಲ್ಲುತ್ತದೆ.

ಎಣ್ಣೆ ಹಾಕಿ ಒಂದು ದಿನ ಓಡಿಸಿದ ಮೇಲೆ ಆಂಪ್ಲಿಟ್ಯೂಡ್ ಡಯಲ್ ಮೇಲ್ಮುಖ 268, ಕ್ರೌನ್ ಕೆಳಮುಖ 232. ಮೊದಲು ಸ್ಟಡ್ಡಿನ ತೋಳು ಸರಿಸಿ ಬೀಟ್ ದೋಷ 0.3ಕ್ಕೆ, ನಂತರ ರೆಗ್ಯುಲೇಟರ್ ಸರಿಸಿ ದಿನಕ್ಕೆ +6 ಸೆಕೆಂಡಿಗೆ. ಕ್ರಮ ತಿರುಗಿಸಿದರೆ ಎರಡನೆಯದನ್ನು ಮತ್ತೆ ಮಾಡಬೇಕಾಗುತ್ತದೆ.

ಯಂತ್ರ ಸವೆದೇಹೋಗಿದ್ದರೆ ಸೈಕೋದ್ದೇ ಬದಲಿ ಯಂತ್ರ ಎನ್‌ಎಚ್36 ಹಾಕಬಹುದು: 24 ಜ್ಯುವೆಲ್, 41 ಗಂಟೆಯ ಮೀಸಲು, ಕೀ ಕೊಡಬಹುದು, ಸೆಕೆಂಡು ನಿಲ್ಲುತ್ತದೆ, ತಯಾರಕರ ಲೆಕ್ಕದಲ್ಲಿ ದಿನಕ್ಕೆ −20ರಿಂದ +40 ಸೆಕೆಂಡು. ಒಂದು ತೊಡಕು: ಈ ಕೇಸಿನಲ್ಲಿ ಯಂತ್ರವೇ ಓರೆಯಾಗಿ ಕೂರುತ್ತದೆ. ಕ್ರೌನ್ ಮೂರು ಗಂಟೆಗಿರುವ ಕೇಸಿಗೆಂದು ಮಾಡಿದ ಎನ್‌ಎಚ್36 ತಂದರೆ ದಿನ-ತಾರೀಕು ಕಿಟಕಿಗೆ ಸರಿಯಾಗಿ ಬೀಳುವುದಿಲ್ಲ. ಕ್ರೌನ್ ನಾಲ್ಕು ಗಂಟೆಯ ಹತ್ತಿರವಿರುವ ಕೇಸಿನ, 3.8 ಸ್ಥಾನದ್ದನ್ನು ಕೇಳಿ ತರಿಸಬೇಕು, ಇಲ್ಲವೇ ಹಳೆಯ ಯಂತ್ರದ ಎರಡೂ ಚಕ್ರಗಳನ್ನು ಅದಕ್ಕೆ ದಾಟಿಸಬೇಕು. ಮುಳ್ಳಿನ ತೂತು ಎರಡಕ್ಕೂ ಒಂದೇ: ಗಂಟೆ 1.50, ನಿಮಿಷ 0.90, ಸೆಕೆಂಡು 0.20 ಮಿ.ಮೀ.

ತಾರೀಕು ಬೀಳುವ ಕ್ಷಣದಲ್ಲಿ ಗಂಟೆ ಮತ್ತು ನಿಮಿಷದ ಮುಳ್ಳುಗಳನ್ನು 12ಕ್ಕೆ ಕೂರಿಸಿ. ರಾತ್ರಿ 9ರಿಂದ ಬೆಳಗಿನ 4ರ ನಡುವೆ ದಿನ-ತಾರೀಕು ಬದಲಿಸಬಾರದೆಂದು ವಾಚಿನ ಮಾಲೀಕರಿಗೆ ಹೇಳಿ ಕೊಡಿ; ಹಲ್ಲು ಮುರಿಯುವುದು ಆ ಹೊತ್ತಿನಲ್ಲೇ.

ಮುಚ್ಚುವುದು

ಯಂತ್ರ ಮತ್ತು ಕೇಸನ್ನು ಬಣ್ಣ ಬದಲಿಸುವ ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಮುಚ್ಚುವುದು ಎ.ಸಿ. ಹಾಕಿ ಸ್ವಲ್ಪ ಹೊತ್ತಾದ ಕೋಣೆಯಲ್ಲಿ, ಹೈಗ್ರೋಮೀಟರ್ 50%ಕ್ಕೆ ಇಳಿದ ಮೇಲೆ. 24 ಡಿಗ್ರಿಯಲ್ಲಿ 50% ತೇವಾಂಶದ ಗಾಳಿಗೆ ಇಬ್ಬನಿ ಬಿಂದು ಸುಮಾರು 13 ಡಿಗ್ರಿ. ನಮ್ಮ ಬಾವಿ, ಹೊಳೆ, ಸಮುದ್ರ ಯಾವುದೂ ಅಷ್ಟು ತಣ್ಣಗಿಲ್ಲ. ಮುಚ್ಚಿ, ಮಂಜು ಪರೀಕ್ಷೆ ಮತ್ತೆ ಮಾಡಿದಾಗ ಗಾಜು ಶುಭ್ರ. 3 ಬಾರ್ ಪರೀಕ್ಷೆ ಯಂತ್ರದೊಂದಿಗೆ ಮತ್ತೊಮ್ಮೆ, ಗುಳ್ಳೆಯಿಲ್ಲ.

ಕೇರಳದಲ್ಲಿ ಟ್ರಾಲಿಂಗ್ ನಿಷೇಧದ 52 ದಿನಗಳಲ್ಲಿ, ಜೂನ್ ಎರಡನೇ ವಾರದಿಂದ ಜುಲೈ ಕೊನೆಯವರೆಗೆ, ಬೋಟಿನವರಿಗೆ ಬಿಡುವು. ವಾಚು ಸರ್ವಿಸಿಗೆ ಕೊಡಲು ಅವರಿಗೆ ಒದಗುವ ಕಾಲ ಅದೇ, ಗಾಳಿಯಲ್ಲಿ ತೇವ ಅತಿ ಹೆಚ್ಚಿರುವ ಕಾಲವೂ ಅದೇ. ಆ ದಿನಗಳಲ್ಲಿ ಕೊಡುವುದಾದರೆ ಎಲ್ಲಿ ಕೂತು ಮುಚ್ಚುತ್ತೀರಿ ಎಂದು ಕೇಳಿಯೇ ಕೊಡಬೇಕು.

ಬೆಲ್ಟಿನ ಪಿನ್ನಿಗೂ ಗಮನ ಬೇಕು. ಸೈಕೋ ಡೈವರಿನ ದಪ್ಪ ಸ್ಪ್ರಿಂಗ್ ಬಾರ್ 2.5 ಮಿ.ಮೀ., ಅದರ ತುದಿ 1.1. ಅಂಗಡಿಯ ಸಾಮಾನ್ಯ ಪಿನ್ನು ತೆಳು. ತೂತಿನಲ್ಲಿ ಅಲ್ಲಾಡಿ ಒಂದು ದಿನ ವಾಚು ನೀರುಪಾಲು.

ಸಮುದ್ರದಿಂದ ಬಂದೊಡನೆ ಸಿಹಿನೀರಲ್ಲಿ ತೊಳೆದು, ಬೆಜೆಲನ್ನು ಒಂದು ಸುತ್ತು ತಿರುಗಿಸಬೇಕು. ಬೇಸಿಗೆಯ ಕೊನೆಗೆ ಹೊಳೆಬಾಯಿಯ ಹತ್ತಿರದ ಬಾವಿಗಳು ಉಪ್ಪಾಗುತ್ತವೆ. ಆ ನೀರಿನಲ್ಲಿ ತೊಳೆದರೆ ತೊಳೆದಂತಲ್ಲ.

ಬೆಲೆ

ಕೇಳಿದ ಬೆಲೆಯಿಂದ ಕಳೆದದ್ದು ಹೀಗೆ. ಮೂರು ಗ್ಯಾಸ್ಕೆಟ್ ಮತ್ತು ಒತ್ತಡ ಪರೀಕ್ಷೆಯ ಖರ್ಚು ಪೂರ್ತಿ, ಏಕೆಂದರೆ ಯಾರು ಕೊಂಡರೂ ಮಾಡಲೇಬೇಕು. ಯಂತ್ರದ ಸರ್ವಿಸ್ ಖರ್ಚು ಪೂರ್ತಿ, ಆದರೆ ಬದಲಿ ಎನ್‌ಎಚ್36ರ ಬೆಲೆಗಿಂತ ಹೆಚ್ಚಲ್ಲ. ಯಂತ್ರ ಎಷ್ಟೇ ಕೆಟ್ಟಿರಲಿ, ಕಳೆಯಬಹುದಾದ ಮಿತಿ ಅಷ್ಟೇ. ಬೆಜೆಲಿನ ಬಿಲ್ಲೆಯ ಬೆಲೆ. ಗಾಜಿನ ಹುಲ್ಲುಗೀರಿಗೆ ಏನೂ ಇಲ್ಲ. ಏಳು ಗಂಟೆಯ ಗುಳಿಗೆ ಕೇಳಿದ ಬೆಲೆಯ ಹತ್ತನೇ ಒಂದು ಭಾಗ, ಪ್ರತಿ ವರ್ಷ ತೆರೆಸಿ ನೋಡುವ ಹೊರೆ ಕೊಂಡವರ ತಲೆಗೆ ಬೀಳುವುದರಿಂದ. ಗುಳಿ ಒಳಹಾಯ್ದಿದ್ದರೆ ಅಥವಾ ನಳಿಗೆಯ ಎಳೆ ಕಿತ್ತಿದ್ದರೆ ಈ ಲೆಕ್ಕವೇ ಬೇಡವಿತ್ತು: ಡಯಲ್, ಮುಳ್ಳು, ಯಂತ್ರದ ಬಿಡಿಭಾಗದ ಬೆಲೆಯಷ್ಟೇ ಕೊಡಬೇಕಿತ್ತು.

ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಹೊಸದು ಕೊಳ್ಳುವವರಿಗೆ ಬಿಚ್ಚಿ ನೋಡುವ ಅವಕಾಶವಿಲ್ಲ. ಓರಿಯಂಟ್ ಮಾಕೋ, ಸಿಟಿಜನ್ ಪ್ರೊಮಾಸ್ಟರ್, ಸೈಕೋ ಪ್ರಾಸ್ಪೆಕ್ಸ್ ಯಾವುದೇ ಇರಲಿ, ಡಯಲಿನ ಮೇಲೆ "ಡೈವರ್ಸ್" ಪದ ಇದೆಯೇ ಓದಿ, ಕ್ರೌನನ್ನು ಬಿಚ್ಚಿ ಕೂರಿಸಿ ನೋಡಿ, ಬೆಜೆಲಿನ ತ್ರಿಕೋನ 12ಕ್ಕೆ ನೇರ ನಿಲ್ಲುತ್ತದೆಯೇ ನೋಡಿ, ಸೀರಿಯಲ್‌ನಿಂದ ತಯಾರಿಕೆಯ ತಿಂಗಳು ಓದಲು ಬರುವ ಕಡೆ ಓದಿ. ಮೂರು-ನಾಲ್ಕು ವರ್ಷ ಪೆಟ್ಟಿಗೆಯಲ್ಲೇ ಇದ್ದ ವಾಚಿನ ಗ್ಯಾಸ್ಕೆಟ್ಟಿಗೂ ಅಷ್ಟೇ ವಯಸ್ಸು, ಹೊಸದೆಂದು ನೇರ ಸಮುದ್ರಕ್ಕೆ ಒಯ್ಯುವ ಮುಂಚೆ ಅದಕ್ಕೂ ಒಂದು ಒತ್ತಡ ಪರೀಕ್ಷೆ ಮಾಡಿಸಿ.